ಬಸುರಿ, ಬಾಣಂತಿಯರ ಕಟಿನೋವಿಗೆ ಬೆಲ್ಟ್: ಯಾವುದು ಕೊಳ್ಳಬೇಕು, ಎಲ್ಲಿ ಕಟ್ಟಬೇಕು

ಮೆಡಿಕಲ್ ಶಾಪಿನಲ್ಲಿ "ಬಸುರಿಗೆ ಸೊಂಟನೋವು, ಒಂದು ಬೆಲ್ಟ್ ಕೊಡಿ" ಎಂದು ಕೇಳಿದರೆ ನಾಲ್ಕು ಬಗೆಯ ಬೆಲ್ಟ್‌ಗಳಲ್ಲಿ ಯಾವುದೋ ಒಂದು ಕೌಂಟರಿನ ಮೇಲೆ ಬಂದು ಬೀಳುತ್ತದೆ. ಒಂದು, ಬೆನ್ನಿನ ಭಾಗದಲ್ಲಿ ಗಟ್ಟಿ ಪಟ್ಟಿಗಳಿರುವ ಅಗಲವಾದ ಎಲ್‌ಎಸ್ (ಲಂಬೋಸೇಕ್ರಲ್, ಅಂದರೆ ಕೆಳಬೆನ್ನಿನ) ಬೆಲ್ಟ್. ಇನ್ನೊಂದು, ಹೊಟ್ಟೆಯನ್ನು ಕೆಳಗಿನಿಂದ ಎತ್ತಿ ಹಿಡಿಯುವ ಮೆಟರ್ನಿಟಿ ಬೆಲ್ಟ್. ಮತ್ತೊಂದು, ಹೆರಿಗೆಯಾದ ಮೇಲೆ ಹೊಟ್ಟೆ ಕರಗುತ್ತದೆಂದು ಹೇಳಿ ಮಾರುವ ಟಮ್ಮಿ ಬೆಲ್ಟ್. ನಾಲ್ಕನೆಯದು ಅಂಗೈ ಅಗಲಕ್ಕಿಂತ ಚಿಕ್ಕದಾದ ಎಸ್‌ಐ (ಸ್ಯಾಕ್ರೋಇಲಿಯಾಕ್, ಅಂದರೆ ಕಟಿಯ ಹಿಂದಿನ ಕೀಲುಗಳ) ಬೆಲ್ಟ್. ಹೆಸರು ಹೇಳಿ ಕೇಳದಿದ್ದರೆ ಇದನ್ನು ಯಾರೂ ತೆಗೆದು ತೋರಿಸುವುದಿಲ್ಲ. ಕಟಿಯ ಕೀಲುಗಳು ನೋಯುವ ಹೆಣ್ಣಿಗೆ ಬೇಕಾದದ್ದು ಬಹುಪಾಲು ಈ ನಾಲ್ಕನೆಯದೇ. ಉಳಿದ ಮೂರನ್ನು ಕೊಂಡವರು ಒಂದು ವಾರ ಕಟ್ಟಿ, ಬೆವರಿ, ಉಪಯೋಗವಿಲ್ಲವೆಂದು ಬೀರುವಿನಲ್ಲಿಡುತ್ತಾರೆ. ಅದಕ್ಕಿಂತ ಬೇಸರದ ಸಂಗತಿಯೆಂದರೆ, "ನನ್ನ ನೋವಿಗೆ ಬೆಲ್ಟೂ ಆಗಲಿಲ್ಲ" ಎಂದುಕೊಂಡು ನೋವು ನುಂಗುತ್ತಾರೆ.

ಯಾವ ನೋವಿನ ಮಾತಿದು ಎಂಬುದು ಮೊದಲು ಸ್ಪಷ್ಟವಾಗಲಿ. ಮಗ್ಗುಲು ಬದಲಿಸುವಾಗ, ಒಂಟಿ ಕಾಲಲ್ಲಿ ನಿಂತು ಪ್ಯಾಂಟ್ ಏರಿಸುವಾಗ, ಮೆಟ್ಟಿಲು ಹತ್ತುವಾಗ, ಕಾರಿನಿಂದ ಒಂದೊಂದೇ ಕಾಲು ಹೊರಗಿಡುವಾಗ ಚುಳ್ಳೆನ್ನುವ ನೋವು. ಜಾಗ ಎರಡು: ಮುಂದೆ ಗುಪ್ತಾಂಗದ ಮೇಲಿನ ಎಲುಬಿನ ನಡುವೆ, ಅಥವಾ ಹಿಂದೆ ಪೃಷ್ಠದ ಮೇಲ್ಭಾಗದಲ್ಲಿ ಒಂದು ಕಡೆಗೋ ಎರಡೂ ಕಡೆಗೋ. ಕೆಲವರಿಗೆ ಮುಂದೆಯೂ ಹಿಂದೆಯೂ ಇರುತ್ತದೆ, ತೊಡೆಸಂದಿಗೆ ಇಳಿಯುತ್ತದೆ. ಸುಮಾರು ಐದು ಜನ ಬಸುರಿಯರಲ್ಲಿ ಒಬ್ಬರಿಗೆ ಇದು ಬರುತ್ತದೆ. "ಬಸುರಿಗೆ ಸೊಂಟ ನೋಯದೆ ಇನ್ನೇನು" ಎಂದು ತಳ್ಳಿಹಾಕುವ ಮಾತು ಇದಕ್ಕೆ ಸಲ್ಲದು. ಇದಕ್ಕೊಂದು ಹೆಸರಿದೆ (ಪೆಲ್ವಿಕ್ ಗರ್ಡಲ್ ಪೇನ್), ಪರೀಕ್ಷೆಯಿದೆ, ಚಿಕಿತ್ಸೆಯಿದೆ. ಬೇಗ ಶುರುಮಾಡಿದಷ್ಟೂ ಒಳ್ಳೆಯದು.

ಕಟಿಯೆಲುಬು (ಪೆಲ್ವಿಸ್) ಒಂದು ಉಂಗುರ. ಮುಂದೊಂದು ಕೀಲು, ಹಿಂದೆ ಎರಡು. ಹಿಂದಿನವನ್ನು ಫಿಸಿಯೋಗಳು ಎಸ್‌ಐ ಜಾಯಿಂಟ್ ಎನ್ನುತ್ತಾರೆ. ಮುಂದಿನ ಕೀಲಿನ ಸಂದು ಸಾಧಾರಣವಾಗಿ 4ರಿಂದ 5 ಮಿಲಿಮೀಟರ್. ಬಸುರಿನಲ್ಲಿ ಅದು ಇನ್ನೂ 2-3 ಮಿಲಿಮೀಟರ್ ಅಗಲವಾಗುವುದು ಸಹಜ. 10 ದಾಟಿದರೆ ಮಾತ್ರ ಬಿರುಕು ಬಿಟ್ಟಿದೆ ಎನ್ನುತ್ತಾರೆ. ಆದರೆ ಸಂದು ಎಷ್ಟು ಅಗಲವೋ ನೋವು ಅಷ್ಟು ಎಂಬ ಲೆಕ್ಕವಿಲ್ಲ. ಹೆಚ್ಚು ಅಗಲವಾದರೂ ನೋವಿಲ್ಲದೆ ಓಡಾಡುವವರಿದ್ದಾರೆ, ಸಂದು ಸರಿಯಿದ್ದೂ ಹೆಜ್ಜೆಯಿಡಲಾಗದವರಿದ್ದಾರೆ. ಹಾಗಾಗಿ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಎಂದಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ. ಮೂರು ಕೀಲುಗಳೂ ಒಂದೇ ತಾಳದಲ್ಲಿ ಭಾರ ಹೊರದೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆಯಾದಾಗ, ಸುತ್ತಲಿನ ಸ್ನಾಯುಗಳು ಅದನ್ನು ಹಿಡಿಯಲು ಹೆಣಗಿದಾಗ ನೋವು ಏಳುತ್ತದೆ. ಎಸ್‌ಐ ಬೆಲ್ಟ್ ಮಾಡುವ ಕೆಲಸ ಇಷ್ಟೇ: ಎತ್ತಿನ ಗಾಡಿಯ ಚಕ್ರಕ್ಕೆ ಬಿಗಿದ ಕಬ್ಬಿಣದ ಪಟ್ಟಿಯಂತೆ ಉಂಗುರವನ್ನು ಹೊರಗಿನಿಂದ ಅಮುಕಿ ಹಿಡಿಯುವುದು. ಹೊಟ್ಟೆ ಎತ್ತುವುದಾಗಲಿ ಬೆನ್ನು ನೇರಮಾಡುವುದಾಗಲಿ ಅದರ ಕೆಲಸವಲ್ಲ.

ದುಡ್ಡು ಕೊಡುವ ಮೊದಲು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಫಿಸಿಯೋಗಳು ಕ್ಲಿನಿಕ್ಕಿನಲ್ಲಿ ಮಾಡುವುದೂ ಇದನ್ನೇ. ಅಂಗಾತ ಮಲಗಿ, ಕಾಲು ನೀಡಿ, ಪಾದಗಳ ನಡುವೆ ಒಂದು ಗೇಣು ಅಂತರ ಬಿಡಿ. ಮಂಡಿ ಮಡಿಸದೆ ಒಂದು ಕಾಲನ್ನು ಹಾಸಿಗೆಯಿಂದ 20 ಸೆಂಟಿಮೀಟರ್ ಎತ್ತಿ. ಎಷ್ಟು ಕಷ್ಟವಾಯಿತು ಎಂಬುದಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡಿ: ಸೊನ್ನೆ ಎಂದರೆ ಸಲೀಸು, ಐದು ಎಂದರೆ ಎತ್ತಲು ಆಗಲೇ ಇಲ್ಲ. ಇನ್ನೊಂದು ಕಾಲಿಗೂ ಹಾಗೇ. ಈಗ ಹತ್ತಿಯ ವೇಲನ್ನೋ ತೆಳು ಟವೆಲನ್ನೋ ನಾಲ್ಕು ಬೆರಳಗಲಕ್ಕೆ ಮಡಿಸಿ, ಸೊಂಟದ ಮುಂದೆ ಎರಡೂ ಬದಿ ಕೈಗೆ ಸಿಗುವ ಎಲುಬಿನ ಮೊನೆಗಳ ಸ್ವಲ್ಪ ಕೆಳಗೆ ಬರುವಂತೆ ಸುತ್ತಿ, ಹಿತವಾಗಿ ಬಿಗಿದು, ಮತ್ತೆ ಕಾಲೆತ್ತಿ. ಭಾರ ಇಳಿದಂತೆ ಹಗುರಾದರೆ ಬೆಲ್ಟ್ ನಿಮಗೆ ಉಪಯೋಗಕ್ಕೆ ಬರುತ್ತದೆ. ಏನೂ ವ್ಯತ್ಯಾಸವಾಗದಿದ್ದರೆ ಬಟ್ಟೆಯನ್ನು ಇನ್ನೂ ಕೆಳಗಿಳಿಸಿ ಒಮ್ಮೆ ನೋಡಿ. ಆಗಲೂ ಇಲ್ಲವೆಂದರೆ, ಅಥವಾ ನೋವು ಹೆಚ್ಚಿದರೆ, ಬೆಲ್ಟ್ ಕೊಳ್ಳಬೇಡಿ. ಆ ಹಣವನ್ನು ಫಿಸಿಯೋಗೆ ಕೊಡಿ. ಕೊನೆಯ ತಿಂಗಳುಗಳಲ್ಲಿ ಅಂಗಾತ ಹೆಚ್ಚು ಹೊತ್ತು ಮಲಗಬಾರದು. ಪರೀಕ್ಷೆ ಒಂದೆರಡು ನಿಮಿಷದಲ್ಲಿ ಮುಗಿಯಲಿ, ತಲೆ ಸುತ್ತಿದಂತಾದರೆ ಕೂಡಲೇ ಎಡಮಗ್ಗುಲಿಗೆ ಹೊರಳಿ.

ಪಟ್ಟಿಯನ್ನು ಎಲ್ಲಿ ಕಟ್ಟಬೇಕೆಂಬುದರಲ್ಲೇ ಅರ್ಧ ಯಶಸ್ಸಿದೆ, ಹೆಚ್ಚಿನವರು ಎಡವುವುದೂ ಇಲ್ಲೇ. ಎತ್ತರದ ಜಾಗ ಎಂದರೆ ಆಗಲೇ ಹೇಳಿದ ಮೊನೆಗಳ ಕೆಳಗೆ. ಹಿಂದಿನ ಕೀಲುಗಳ ಸಡಿಲವನ್ನು ಅಮುಕುವುದರಲ್ಲಿ ಇದು ಮೇಲು ಎಂದು ಅಳತೆ ಮಾಡಿ ನೋಡಿದ್ದಾರೆ. ತಗ್ಗಿನ ಜಾಗವೆಂದರೆ ಮುಂದಿನ ಕೀಲಿನ ಮಟ್ಟ: ತೊಡೆಯ ಬದಿಯಲ್ಲಿ ಗಟ್ಟಿಯಾಗಿ ಉಬ್ಬಿರುವ ಎಲುಬಿನ ಸ್ವಲ್ಪ ಮೇಲೆ. ಮುಂದಿನ ನೋವೇ ದೊಡ್ಡದಾದವರಿಗೆ ಇದು ಹೆಚ್ಚು ಹಿಡಿಸುತ್ತದೆ. ಎರಡನ್ನೂ ಪ್ರಯತ್ನಿಸಿ, ಹತ್ತು ಹೆಜ್ಜೆ ನಡೆದು ನಿರ್ಧರಿಸಿ. ಮೊನೆಗಳಿಗಿಂತ ಮೇಲೆ, ಅಂದರೆ ಲಂಗದ ಲಾಡಿ ಕಟ್ಟುವ ನಡುವಿನ ಮೇಲೆ ಬೆಲ್ಟ್ ಕಟ್ಟಿದರೆ ಎಲುಬಿಗೆ ಏನೂ ಸಿಗುವುದಿಲ್ಲ, ಹೊಟ್ಟೆ ಮಾತ್ರ ಹಿಂಡುತ್ತದೆ.

ಬಿಗಿ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆಯೂ ತಪ್ಪು. ಸುಮಾರು 50 ನ್ಯೂಟನ್, ಅಂದರೆ ಐದು ಕೆಜಿ ತೂಕ ನೇತುಹಾಕಿದಾಗಿನಷ್ಟು ಎಳೆತ ಸಾಕು. ಅದನ್ನು ಇಮ್ಮಡಿ ಮಾಡಿದಾಗ ಕೀಲಿನ ಸಡಿಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಬೆಲ್ಟಿನಡಿ ಎರಡು ಬೆರಳು ಸುಲಭವಾಗಿ ತೂರಬೇಕು. ಅತಿಯಾಗಿ ಬಿಗಿದರೆ ಏನಾಗುತ್ತದೆ? ಮೊನೆಯ ಹತ್ತಿರ ಹಾದು ತೊಡೆಯ ಹೊರಬದಿಗೆ ಇಳಿಯುವ ನರವೊಂದಿದೆ. ಅದು ಒತ್ತಿಕೊಂಡು ತೊಡೆಯ ಹೊರಭಾಗ ಜುಮ್ಮೆನ್ನುತ್ತದೆ, ಉರಿಯುತ್ತದೆ, ಮರಗಟ್ಟುತ್ತದೆ. ಹಾಗಾದ ದಿನವೇ ಬೆಲ್ಟನ್ನು ಒಂದು ಬೆರಳು ಕೆಳಗಿಳಿಸಿ ಸಡಿಲಿಸಿ. ಆದರೂ ಹೋಗದಿದ್ದರೆ ತೆಗೆದಿಡಿ.

ಸರಕಿನ ವಿಷಯಕ್ಕೆ ಬಂದರೆ, ಒಳ್ಳೆಯ ಎಸ್‌ಐ ಬೆಲ್ಟಿನಲ್ಲಿ ಎರಡು ಪದರಗಳಿರುತ್ತವೆ. ಕೆಳಗೆ ಹಿಗ್ಗದ, ಅಥವಾ ತೀರಾ ಕಡಿಮೆ ಹಿಗ್ಗುವ ನೇಯ್ದ ಪಟ್ಟಿ. ಅದರ ಮೇಲೆ ಎರಡು ಬದಿಯಿಂದ ಮುಂದಕ್ಕೆ ಎಳೆದು ಅಂಟಿಸುವ ಎಲಾಸ್ಟಿಕ್ ಪಟ್ಟಿಗಳು. ಮೊದಲ ಪದರ ಹಿಡಿತ ಕೊಡುತ್ತದೆ, ಎರಡನೆಯದು ಬಿಗಿಯನ್ನು ಹದಕ್ಕೆ ತರುತ್ತದೆ. ಬರೀ ಎಲಾಸ್ಟಿಕ್ಕಿನ ಬೆಲ್ಟುಗಳು ಕಟ್ಟಿದ ಗಂಟೆ ಹಿತವೆನಿಸಿ, ನಡೆಯುತ್ತ ನಡೆಯುತ್ತ ಹಿಗ್ಗಿ ಮೇಲಕ್ಕೆ ಸರಿಯುತ್ತವೆ. ಅಮೆರಿಕದ ಸೆರೋಲಾ ಈ ಎರಡು ಪದರದ ಬಗೆಯದು. ತರಿಸಿಕೊಂಡರೆ ಸಾವಿರಗಳ ಲೆಕ್ಕ. ನಮ್ಮ ಅಂಗಡಿಗಳಲ್ಲಿ ಸಿಗುವ ಟೈನಾರ್, ಫ್ಲೆಮಿಂಗೊ, ವಿಸ್ಕೊ ಮುಂತಾದ ಕಂಪನಿಗಳು ಹಲವು ಬಗೆ ಸೊಂಟದ ಬೆಲ್ಟು ಮಾಡುತ್ತವೆ, ಬೆಲೆಯೂ ಕೈಗೆಟಕುವಂಥದು. ಕೊಳ್ಳುವಾಗ ಕಂಪನಿಯ ಹೆಸರಿಗಿಂತ ಮೂರು ವಿಷಯ ನೋಡಿ: ಅಗಲ 5ರಿಂದ 8 ಸೆಂಟಿಮೀಟರ್ ಆಸುಪಾಸು ಇದೆಯೇ, ಪದರ ಎರಡಿವೆಯೇ, ಅಂಚು ಮೆತ್ತಗಿದೆಯೇ. ಅಗಲ ಜಾಸ್ತಿಯಾದರೆ ಕುಳಿತಾಗ ಮೇಲಂಚು ಹೊಟ್ಟೆಗೂ ಕೆಳಂಚು ತೊಡೆಸಂದಿಗೂ ಕೊರೆಯುತ್ತದೆ.

ಸೈಜ್ ಆರಿಸುವಾಗ ಪ್ಯಾಂಟಿನ ಸೊಂಟದ ಅಳತೆ ಕೊಡುವುದು ಸಾಮಾನ್ಯ ತಪ್ಪು. ನಿಂತುಕೊಂಡು, ಬೆಲ್ಟ್ ಕೂರುವ ಜಾಗದಲ್ಲೇ, ದಿನಾ ತೊಡುವ ಬಟ್ಟೆಯ ಮೇಲೆ ಟೇಪು ಸುತ್ತಿ ಅಳೆಯಿರಿ. ಎರಡು ಸೈಜಿನ ನಡುವೆ ಬಂದರೆ ಬಸುರಿನಲ್ಲಿ ದೊಡ್ಡದನ್ನು ತೆಗೆದುಕೊಳ್ಳಿ. ಅಂಗಡಿಯಲ್ಲಿ ಕಟ್ಟಿ ನೋಡಲು ಬಿಡದಿದ್ದರೆ ಬೇರೆ ಅಂಗಡಿಗೆ ಹೋಗಿ. ಆನ್‌ಲೈನಿನಲ್ಲಿ ಕೊಳ್ಳುವವರು ಬಳಸಿದ ಬೆಲ್ಟ್ ವಾಪಸ್ ತೆಗೆದುಕೊಳ್ಳುತ್ತಾರೋ ಇಲ್ಲವೋ ಮೊದಲೇ ಓದಿಕೊಳ್ಳಿ. ಒಳಬಟ್ಟೆಗೆ ತಾಗುವ ವಸ್ತುವೆಂದು ಕೆಲವರು ತೆಗೆದುಕೊಳ್ಳುವುದಿಲ್ಲ.

ಕಟ್ಟಬೇಕಾದದ್ದು ಕೆಲಸದ ಹೊತ್ತಿನಲ್ಲಿ. ನಡೆಯುವಾಗ, ನಿಂತು ಅಡುಗೆ ಮಾಡುವಾಗ, ಬಸ್ಸಿನ ಎತ್ತರದ ಮೆಟ್ಟಿಲು ಹತ್ತಬೇಕಾದ ದಿನ. ಕುಳಿತಾಗ ಸಡಿಲಿಸಿ, ಮಲಗುವಾಗ ತೆಗೆಯಿರಿ. ಯುರೋಪಿನ ತಜ್ಞರು 2008ರಲ್ಲಿ ಹೊರತಂದ ಮಾರ್ಗಸೂಚಿಯೂ ಬೆಲ್ಟನ್ನು ಆರಾಮ ಸಿಗುತ್ತದೋ ಎಂದು ಕಟ್ಟಿನೋಡಿ, ಸ್ವಲ್ಪ ಹೊತ್ತು ಮಾತ್ರ ಬಳಸಿ ಎಂದೇ ಹೇಳುತ್ತದೆ. ಬೆಲ್ಟೊಂದೇ ಸಾಕೇ ಎಂಬ ಪ್ರಶ್ನೆಗೆ ಸಂಶೋಧನೆ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ನ್ಯೂಜಿಲೆಂಡಿನಲ್ಲಿ ಮುಂದಿನ ಕೀಲಿನ ನೋವಿದ್ದ 90 ಬಸುರಿಯರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಿಳಿವಳಿಕೆ ಮತ್ತು ವ್ಯಾಯಾಮ ಪಡೆದವರೆಲ್ಲ ಸುಧಾರಿಸಿದರು. ಅದರ ಮೇಲೆ ಬೆಲ್ಟ್ ಸೇರಿಸಿದ್ದರಿಂದ ಹೆಚ್ಚೇನೂ ಸಿಗಲಿಲ್ಲ. 2013ರ ಇರಾನಿನ ಅಧ್ಯಯನದಲ್ಲಿ ಮನೆ ವ್ಯಾಯಾಮಕ್ಕಿಂತ ಬೆಲ್ಟ್ ಕಟ್ಟಿದವರಿಗೇ ನೋವು ಹೆಚ್ಚು ಇಳಿಯಿತು. ನಮ್ಮ ಅಭಿಪ್ರಾಯ ಇದು: ಬೆಲ್ಟ್ ಕೀಲನ್ನು ವಾಸಿಮಾಡುವುದಿಲ್ಲ. ಅದು ಕಟ್ಟಿರುವಷ್ಟು ಹೊತ್ತು ಹೆಜ್ಜೆಗೆ ಧೈರ್ಯ ಕೊಡುತ್ತದೆ. ಏಳನೇ ತಿಂಗಳಲ್ಲಿ ಆಫೀಸಿಗೆ ಹೋಗಲೇಬೇಕಾದ ಹೆಣ್ಣಿಗೆ ಅದೇನು ಸಣ್ಣ ಸಹಾಯವಲ್ಲ.

ಬಟ್ಟೆಯ ಜೊತೆ ಹೊಂದಿಸುವುದು ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ. ಚರ್ಮಕ್ಕೆ ನೇರವಾಗಿ ಕಟ್ಟಬೇಡಿ. ತೊಡೆಸಂದಿನಲ್ಲಿ ಬೆವರು ನಿಂತು ಕೆಂಪಗಾಗಿ ತುರಿಕೆ ಏಳುತ್ತದೆ. ಕರಾವಳಿಯ ಸೆಕೆಯಲ್ಲಿ ನಿಯೋಪ್ರಿನ್ ಬಟ್ಟೆಯ ಬೆಲ್ಟ್ ಅರ್ಧ ದಿನವೂ ತಾಳಲಾಗದು, ರಂಧ್ರವಿರುವ ನೇಯ್ಗೆಯದೇ ಆಗಬೇಕು. ಲೆಗ್ಗಿಂಗ್ಸ್ ಮೇಲೆ ಕಟ್ಟಿ ಟಾಪ್ ಇಳಿಬಿಟ್ಟರೆ ಕಾಣುವುದೂ ಇಲ್ಲ, ಬಿಚ್ಚಲೂ ಸುಲಭ. ಸೀರೆಯುಡುವವರು ಲಂಗದ ಮೇಲೆ, ಲಾಡಿಗಿಂತ ಕೆಳಗೆ ಕಟ್ಟಿ, ಆಮೇಲೆ ನೆರಿಗೆ ಹಿಡಿಯಲಿ. ಲಾಡಿಯ ಗಂಟು ಬೆಲ್ಟಿನಡಿ ಸಿಕ್ಕಿಕೊಂಡರೆ ಅಲ್ಲೇ ಕಂದುತ್ತದೆ. ಆದರೆ ಸೀರೆಯೊಳಗೆ ಬೆಲ್ಟ್ ಇದ್ದರೆ ಪ್ರತಿ ಬಾರಿ ಬಾತ್‌ರೂಮಿಗೆ ಹೋದಾಗಲೂ ಪರದಾಟ. ಕೊನೆಯ ತಿಂಗಳುಗಳಲ್ಲಿ ಆ ಓಡಾಟವೇ ಹೆಚ್ಚಾದ್ದರಿಂದ ಬೆಲ್ಟ್ ಕಟ್ಟುವ ದಿನ ಚೂಡಿದಾರವೋ ನೈಟಿಯೋ ವಾಸಿ. ಬಿಚ್ಚುವುದು ರಗಳೆಯೆಂದು ಮೂತ್ರ ತಡೆದುಕೊಳ್ಳುವುದು ಮಾತ್ರ ಬೇಡ.

ಉಳಿದ ಮೂರು ಬೆಲ್ಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್‌ಎಸ್ ಬೆಲ್ಟ್ ಬೆನ್ನಿನ ಕೆಳಭಾಗಕ್ಕೆ. ಬಸುರಿಯ ಹೊಟ್ಟೆಗೆ ಅದು ಹೊಂದುವುದೂ ಇಲ್ಲ, ಕಟಿಯ ಕೀಲನ್ನು ಮುಟ್ಟುವುದೂ ಇಲ್ಲ. ಮೆಟರ್ನಿಟಿ ಬೆಲ್ಟ್ ಹೊಟ್ಟೆ ಜೋತುಬಿದ್ದು ಕೆಳಬೆನ್ನು ಎಳೆಯುವವರಿಗೆ, ಅವಳಿ ಬಸುರಿಯರಿಗೆ ಒಳ್ಳೆಯದು. ಮುಂದಿನ ಕೀಲಿನ ನೋವೂ ಇದ್ದರೆ ಅದರ ಕೆಳಪಟ್ಟಿ ಸಾಕಷ್ಟು ಬಿಗಿಯಿರುವುದಿಲ್ಲ.

ಟಮ್ಮಿ ಬೆಲ್ಟಿನ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮ ಬಾಣಂತನದಲ್ಲಿ ಹಳೆಯ ಹತ್ತಿ ಸೀರೆಯಿಂದ ಹೊಟ್ಟೆ ಕಟ್ಟುವ ರೂಢಿಯ ಮೇಲೆಯೇ ಅದರ ವ್ಯಾಪಾರ ನಿಂತಿದೆ. ಹೊಟ್ಟೆ ಕಟ್ಟಿದರೆ ನಿಂತಾಗ, ಕೆಮ್ಮಿದಾಗ ಆಸರೆ ಅನಿಸುವುದು ನಿಜ. ಸಿಸೇರಿಯನ್ ಆದವರಿಗೆ ಹೊಲಿಗೆಯ ಮೇಲೆ ಮೆತ್ತನೆಯ ಒತ್ತು ಹಿತ. ಆದರೆ ನಡುವಿನಲ್ಲಿ ಬಲವಾಗಿ ಬಿಗಿದರೆ ಒತ್ತಡವೆಲ್ಲ ಕೆಳಗಿಳಿದು, ಹೆರಿಗೆಯಲ್ಲಿ ಆಗಲೇ ಸೋತಿರುವ ಕೆಳಗಿನ ಸ್ನಾಯುಗಳ ಮೇಲೆ ಬೀಳುತ್ತದೆ. ಕೆಳಗೆ ಭಾರವೆನಿಸಿದರೆ, ಏನೋ ಜಾರಿದಂತಾದರೆ, ನಕ್ಕಾಗ ಮೂತ್ರ ಹನಿದರೆ ಹೊಟ್ಟೆ ಕಟ್ಟುವುದನ್ನು ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಬೊಜ್ಜು ಕರಗಿಸುವ ಶಕ್ತಿ ಯಾವ ಬೆಲ್ಟಿಗೂ ಇಲ್ಲ. ಅಜ್ಜಿ ಕಟ್ಟಲೇಬೇಕೆಂದು ಪಟ್ಟುಹಿಡಿದರೆ ಅದೇ ಸೀರೆಯನ್ನು ನಾಲ್ಕು ಬೆರಳಗಲಕ್ಕೆ ಮಡಿಸಿ ಸೊಂಟದ ಎಲುಬಿನ ಮಟ್ಟದಲ್ಲಿ, ಉಸಿರಾಡಲು ತೊಡಕಾಗದಷ್ಟು ಬಿಗಿಯಲ್ಲಿ ಕಟ್ಟಿಸಿಕೊಳ್ಳಿ. ಅಂಗಡಿಯ ಬೆಲ್ಟಿನ ಕೆಲಸದ ಬಹುಪಾಲನ್ನು ಅದು ಮಾಡಿಕೊಡುತ್ತದೆ.

ಹೆರಿಗೆಯಾದ ಮೇಲೆ ಬಹಳಷ್ಟು ಜನರಿಗೆ ಕೆಲವು ವಾರ, ತಿಂಗಳುಗಳಲ್ಲಿ ನೋವು ಇಳಿಯುತ್ತದೆ. ಇಳಿಯದೆ ಉಳಿಯುವವರೂ ಇದ್ದಾರೆ, ಅವರಲ್ಲಿ ಎಷ್ಟೋ ಸಲ ದಿನನಿತ್ಯದ ಅಭ್ಯಾಸಗಳೇ ಗಾಯ ಕೆದಕುತ್ತಿರುತ್ತವೆ. ತಗ್ಗಿನ ಮಣೆಯ ಮೇಲೆ ಕಾಲಗಲಿಸಿ ಕೂರಿಸಿ ಎರೆಯುವ ಬಿಸಿನೀರು ಬೇಡವೆನ್ನುವುದಿಲ್ಲ. ಮಣೆಯ ಬದಲು ಪ್ಲಾಸ್ಟಿಕ್ ಕುರ್ಚಿ ಹಾಕಿ, ಅಷ್ಟೇ. ಕುಕ್ಕುರುಗಾಲಲ್ಲಿ ಕೂರುವ ಶೌಚಾಲಯವಿದ್ದರೆ ಅದರ ಮೇಲಿಡುವ ಕಮೋಡ್ ಕುರ್ಚಿ ಬೆಲ್ಟಿಗಿಂತಲೂ ಮೊದಲು ಕೊಳ್ಳಬೇಕಾದ ವಸ್ತು. ಮಗುವನ್ನು ಒಂದೇ ಸೊಂಟದ ಮೇಲೆ ಕೂರಿಸಿಕೊಳ್ಳುವುದು, ಕೊಡ ಸೊಂಟಕ್ಕೇರಿಸುವುದು, ಸ್ಕೂಟರಿನಲ್ಲಿ ಒಂದೇ ಬದಿಗೆ ಕಾಲಿಟ್ಟು ಕೂರುವುದು, ಕುಕ್ಕುರುಗಾಲಲ್ಲಿ ನೆಲ ಒರೆಸುವುದು ಇವೆಲ್ಲ ಉಂಗುರದ ಒಂದು ಬದಿಗೆ ಭಾರ ಹಾಕುತ್ತವೆ ಅಥವಾ ಮುಂದಿನ ಕೀಲನ್ನು ಬಿರಿಯುತ್ತವೆ. ಬೆಲ್ಟ್ ಕಟ್ಟಿಕೊಂಡು ಇವನ್ನೆಲ್ಲ ಮಾಡಿದರೆ ಬೆಲ್ಟ್ ಏನು ತಾನೇ ಮಾಡೀತು?

ಬದಲಿಗೆ ರೂಢಿಸಿಕೊಳ್ಳಬೇಕಾದ ಕ್ರಮಗಳು ಸರಳ. ಮಗ್ಗುಲಾಗುವಾಗ ಎರಡೂ ಮಂಡಿ ಮಡಿಸಿ, ಒಂದಕ್ಕೊಂದು ಒತ್ತಿಹಿಡಿದು, ಭುಜ ಮತ್ತು ಸೊಂಟ ಒಟ್ಟಿಗೇ ಹೊರಳಲಿ. ಮೆಟ್ಟಿಲಿಗೆ ಒಂದೊಂದೇ ಹೆಜ್ಜೆ: ಹತ್ತುವಾಗ ನೋವು ಕಡಿಮೆಯಿರುವ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಪ್ಯಾಂಟನ್ನು ಕುಳಿತೇ ಹಾಕಿಕೊಳ್ಳಿ. ಕಾರಿನಿಂದ ಇಳಿಯುವಾಗ ಎರಡೂ ಕಾಲು ಜೋಡಿಸಿ ಒಟ್ಟಿಗೆ ಹೊರಗೆ ತಿರುಗಿ. ವ್ಯಾಯಾಮದಲ್ಲಿ ಮಂಡಿಗಳ ನಡುವೆ ದಿಂಬಿಟ್ಟು ಐದು ಸೆಕೆಂಡ್ ಮೆಲ್ಲಗೆ ಒತ್ತಿ ಬಿಡುವುದನ್ನು ಹತ್ತು ಸಲ, ಮೂತ್ರ ಹಿಡಿದಂತೆ ಕೆಳಗಿನ ಸ್ನಾಯು ಎಳೆದು ಪೂರ್ತಿ ಸಡಿಲಬಿಡುವುದನ್ನು ಹತ್ತು ಸಲ, ದಿನಕ್ಕೆ ಮೂರು ಬಾರಿ ಮಾಡಬಹುದು. ಎಳೆಯುವಷ್ಟೇ ಬಿಡುವುದೂ ಮುಖ್ಯ. ಸದಾ ಬಿಗಿದೇ ಇರುವ ಸ್ನಾಯು ತಾನೇ ನೋವಿನ ಮೂಲವಾಗುತ್ತದೆ. ಮಾಡುವಾಗ ನೋವು ಏರಿದರೆ ನಿಲ್ಲಿಸಿ.

ಪ್ರೆಗ್ನೆನ್ಸಿ ದಿಂಬಿನ ಬಗ್ಗೆ ಒಂದು ಮಾತು. ಯು ಆಕಾರದ್ದು ಮಂಚದ ಅರ್ಧ ನುಂಗುತ್ತದೆ, ಒಳಗಿನ ಫೈಬರ್ ಸೆಕೆ, ಹೊದಿಕೆ ಒಗೆಯುವುದು ಕಷ್ಟ. ಮನೆಯಲ್ಲಿರುವ ಎರಡು ದಿಂಬುಗಳೇ ಸಾಕು. ಒಂದು ಮಂಡಿಯಿಂದ ಹಿಮ್ಮಡಿಯವರೆಗೆ ಉದ್ದಕ್ಕೆ, ಇನ್ನೊಂದು ತೆಳ್ಳಗಿನದು ಹೊಟ್ಟೆಯಡಿ. ಮಂಡಿಗಷ್ಟೇ ದಿಂಬಿಟ್ಟು ಪಾದ ಕೆಳಗೆ ಜೋತುಬಿಟ್ಟರೆ ತೊಡೆ ತಿರುಚಿ ಹಿಂದಿನ ಕೀಲು ಬೆಳಗಿನ ಹೊತ್ತಿಗೆ ಇನ್ನಷ್ಟು ಹಿಡಿದುಕೊಂಡಿರುತ್ತದೆ.

ಬೆಲ್ಟಿನ ಜೊತೆಗೆ ಅಂಗಡಿಯವರು ಕೈಗಿಡುವ ನೋವಿನ ಜೆಲ್ ಬಗ್ಗೆ ಎಚ್ಚರವಿರಲಿ. ಡೈಕ್ಲೊಫೆನಾಕ್ ಇರುವ ಜೆಲ್ಲಾಗಲಿ, ಆ ಗುಂಪಿನ ಮಾತ್ರೆಯಾಗಲಿ ಬಸುರಿನಲ್ಲಿ, ಅದರಲ್ಲೂ 20 ವಾರ ಕಳೆದ ಮೇಲೆ, ಡಾಕ್ಟರನ್ನು ಕೇಳದೆ ಬಳಸಬಾರದು. ಬಿಸಿನೀರಿನ ಚೀಲವನ್ನು ಬಟ್ಟೆ ಸುತ್ತಿ ಹತ್ತು ಹದಿನೈದು ನಿಮಿಷ ಹಿಂದಿನ ಕೀಲಿಗೆ ಇಡಬಹುದು, ಹೊಟ್ಟೆಗೆ ಬೇಡ.

ಬೆಲ್ಟ್ ಹುಡುಕುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕಾದ ಸಂದರ್ಭಗಳೂ ಇವೆ: ರಕ್ತ ಹೋಗುವುದು, ನಿಯಮಿತವಾಗಿ ಬಂದುಹೋಗುವ ನೋವು, ಜ್ವರ, ಮೂತ್ರ ಉರಿ, ಮಗುವಿನ ಚಲನೆ ಕಡಿಮೆಯಾಗುವುದು, ಒಂದೇ ಮೀನಖಂಡ ಊದಿ ನೋಯುವುದು, ತೊಡೆಗಳ ನಡುವೆ ಸ್ಪರ್ಶ ಗೊತ್ತಾಗದಿರುವುದು, ಮಲಮೂತ್ರದ ಹಿಡಿತ ತಪ್ಪುವುದು. ಹೆರಿಗೆಯ ಬಳಿಕ ಕಾಲೂರಿ ನಿಲ್ಲಲು ಆಗದೇ ಇದ್ದರೆ ಎಕ್ಸ್‌ರೇ ಬೇಕಾಗಬಹುದು. ಮುಂದಿನ ಕೀಲು ನಿಜವಾಗಿ ಬಿರಿದಿದ್ದರೆ ಆಗ ಬೆಲ್ಟ್ ಕಟ್ಟುವ ಅವಧಿ, ಬಿಗಿ ಎಲ್ಲವನ್ನೂ ಡಾಕ್ಟರೇ ಹೇಳಬೇಕು. ಹೆರಿಗೆಗೆ ಮೊದಲೇ ನೋವಿಲ್ಲದೆ ಮಂಡಿಗಳು ಎಷ್ಟು ಅಗಲವಾಗುತ್ತವೆಂದು ಟೇಪಿನಲ್ಲಿ ಅಳೆದು ಫೈಲಿನಲ್ಲಿ ಬರೆಸಿಡಿ. ಹೆರಿಗೆ ಕೋಣೆಯಲ್ಲಿ ಕಾಲು ಅದಕ್ಕಿಂತ ಅಗಲಿಸದಂತೆ, ಎರಡೂ ಕಾಲು ಒಟ್ಟಿಗೇ ಎತ್ತಿ ಇಳಿಸುವಂತೆ ನರ್ಸಮ್ಮನಿಗೆ ಜೊತೆಯವರು ಹೇಳಲಿ. ಮಗ್ಗುಲಾಗಿ ಮಲಗಿ ಹೆರುವುದು ಈ ನೋವಿದ್ದವರಿಗೆ ಸುಲಭ. ಕಟಿನೋವೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗುವುದಿಲ್ಲ.

ಬೆಲ್ಟಿನ ಆರೈಕೆ: ವೆಲ್ಕ್ರೋ ಮುಚ್ಚಿಯೇ ತಣ್ಣೀರಿನಲ್ಲಿ ಕೈಯಿಂದ ಒಗೆದು ನೆರಳಲ್ಲಿ ಒಣಗಿಸಿ. ಬಿಸಿನೀರು, ವಾಷಿಂಗ್ ಮೆಷಿನ್, ಬಿಸಿಲು ಮೂರೂ ಎಲಾಸ್ಟಿಕ್ಕನ್ನು ಕೊಲ್ಲುತ್ತವೆ. ವೆಲ್ಕ್ರೋದಲ್ಲಿ ಹತ್ತಿ ನೂಲು, ಕೂದಲು ಕೂತು ಹಿಡಿತ ಹೋದರೆ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಒಂದು ಬಸುರಿನಲ್ಲಿ ಈ ನೋವು ಬಂದವರಿಗೆ ಮುಂದಿನದರಲ್ಲೂ ಬರುವ ಸಾಧ್ಯತೆ ಹೆಚ್ಚು, ಹಾಗಾಗಿ ಬೆಲ್ಟನ್ನು ಎಸೆಯಬೇಡಿ. ಮತ್ತೆ ಕಟ್ಟುವ ಮೊದಲು ಎಲಾಸ್ಟಿಕ್ಕನ್ನು ಎಳೆದು ಬಿಟ್ಟು ನೋಡಿ: ಮೊದಲಿನ ಉದ್ದಕ್ಕೆ ವಾಪಸ್ ಬಾರದೆ ಅಲೆಅಲೆಯಾಗಿ ನಿಂತರೆ ಅದರ ಆಯುಷ್ಯ ಮುಗಿದಿದೆ, ಹೊಸದು ಕೊಳ್ಳಿ.